ಅರವತ್ತು ಮಂದಿ, ಒಂದೇ ಶೀಟು: ಪದವಿ ತರಗತಿಯನ್ನು ಆನ್‌ಲೈನಿನಲ್ಲಿ ಒಟ್ಟಿಗೆ ಕೆಲಸಕ್ಕೆ ಹಚ್ಚುವ ಬಗೆ

ಖಾಲಿ ಗೂಗಲ್ ಡಾಕ್ ಒಂದನ್ನು ತೆರೆದು, ಅದರ ಲಿಂಕನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ‘ಎಲ್ಲರೂ ನಿಮ್ಮ ಅಭಿಪ್ರಾಯ ಬರೆಯಿರಿ’ ಎಂದರೆ ಏನಾಗುತ್ತದೆ ಎಂಬುದು ಬಹುತೇಕ ಉಪನ್ಯಾಸಕರಿಗೆ ಗೊತ್ತು. ಮುಂದಿನ ಬೆಂಚಿನ ಐದಾರು ಮಂದಿ ಬರೆಯುತ್ತಾರೆ. ಒಬ್ಬ ‘ಹಾಯ್’ ಎಂದು ಟೈಪಿಸುತ್ತಾನೆ. ಅದನ್ನು ಅಳಿಸಲು ಹೋದ ಇನ್ನೊಬ್ಬ ಮೇಲಿನ ಪ್ಯಾರಾವನ್ನೂ ಅಳಿಸಿಬಿಡುತ್ತಾನೆ. ಉಳಿದವರು ಪರದೆ ನೋಡುತ್ತ ಕೂರುತ್ತಾರೆ.

ಹುಡುಗರಿಗೆ ಆಸಕ್ತಿಯಿಲ್ಲ ಎಂದು ಷರಾ ಬರೆದುಬಿಡುವುದು ಸುಲಭ. ಆದರೆ ಆ ಹಾಳೆಯಲ್ಲಿ ಅವರಿಗೆಂದು ಒಂದು ಜಾಗವೇ ಇರಲಿಲ್ಲ. ಎಲ್ಲಿ ಬರೆಯಬೇಕು, ಎಷ್ಟು ಬರೆಯಬೇಕು, ಬರೆದದ್ದನ್ನು ಯಾರು ಓದುತ್ತಾರೆ ಎಂಬ ಮೂರರಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಗೂಗಲ್ ಡಾಕ್ಸ್, ಶೀಟ್ಸ್, ಪ್ಯಾಡ್ಲೆಟ್ (ಚೀಟಿ ಅಂಟಿಸುವ ಆನ್‌ಲೈನ್ ಬೋರ್ಡ್), ಮೂಡಲ್ (ಕಾಲೇಜುಗಳು ಬಳಸುವ ಕಲಿಕಾ ತಾಣ), ವಿಕಿಸೋರ್ಸ್ (ಹಳೆಯ ಪುಸ್ತಕಗಳ ಮುಕ್ತ ಆನ್‌ಲೈನ್ ಗ್ರಂಥಾಲಯ), ಯಾವುದನ್ನೇ ಹಿಡಿಯಿರಿ, ಮೊದಲು ಈ ಮೂರು ತೀರ್ಮಾನವಾಗಬೇಕು: ಪ್ರತಿ ವಿದ್ಯಾರ್ಥಿಗೂ ಅವನ ರೋಲ್ ನಂಬರ್ ಬರೆದ ಜಾಗ, ಹತ್ತು ನಿಮಿಷದೊಳಗೆ ಮುಗಿಯುವ ಕೆಲಸ, ಬರೆದದ್ದು ಅದೇ ಪೀರಿಯಡ್‌ನಲ್ಲಿ ಬಳಕೆಗೆ ಬರುವ ಏರ್ಪಾಡು. ಮುಂದೆ ಹೇಳುವುದೆಲ್ಲ ಕರ್ನಾಟಕದ ಸಾಮಾನ್ಯ ಪದವಿ ಕಾಲೇಜನ್ನು ಕಣ್ಣ ಮುಂದಿಟ್ಟುಕೊಂಡು: ಅರವತ್ತು ಮಂದಿಯ ಸೆಕ್ಷನ್, 50–55 ನಿಮಿಷದ ಪೀರಿಯಡ್, ಕೈಯಲ್ಲಿ ಆಂಡ್ರಾಯ್ಡ್ ಫೋನ್, ನಂಬಲಾಗದ ವೈಫೈ.

ಮೊದಲ ವಾರ: ಯಾರ ಬಳಿ ಏನಿದೆ

ಯಾರ ಬಳಿ ಫೋನಿದೆ ಎಂದು ತಿಳಿಯಲು ಗೂಗಲ್ ಫಾರ್ಮ್ ಕಳಿಸಿದರೆ ಫೋನಿದ್ದವರ ಉತ್ತರ ಮಾತ್ರ ಬರುತ್ತದೆ. ಹಾಗಾಗಿ ಈ ಒಂದು ಸಮೀಕ್ಷೆ ಕಾಗದದ ಚೀಟಿಯಲ್ಲೇ ಆಗಲಿ. ಕೇಳಬೇಕಾದದ್ದು ನಾಲ್ಕೇ: ಫೋನು ಸ್ವಂತದ್ದೇ ಅಥವಾ ಮನೆಯವರೊಂದಿಗೆ ಹಂಚಿಕೊಂಡದ್ದೇ? ಜಿಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ಎರಡೂ ಗೊತ್ತೇ? ಫೋನಿನಲ್ಲಿ ಕನ್ನಡ ಟೈಪಿಸಲು ಬರುತ್ತದೆಯೇ? ಮನೆಯಲ್ಲಿ ಲ್ಯಾಪ್‌ಟಾಪ್ ಇದೆಯೇ?

ಎರಡನೆಯ ಪ್ರಶ್ನೆಯನ್ನು ಹಗುರವಾಗಿ ನೋಡಬೇಡಿ. ಎಷ್ಟೋ ಫೋನುಗಳಲ್ಲಿ ಇರುವ ಜಿಮೇಲ್ ಖಾತೆ ಮೊಬೈಲ್ ಅಂಗಡಿಯವನೋ ಅಣ್ಣನೋ ಮಾಡಿಕೊಟ್ಟದ್ದು. ವಿದ್ಯಾರ್ಥಿ ಲಿಂಕ್ ಒತ್ತಿದಾಗ ಆ ಖಾತೆಯಿಂದಲೇ ತೆರೆಯುತ್ತದೆ. ನಿಮ್ಮ ಹಾಳೆಯಲ್ಲಿ ಯಾರದೋ ಹೆಸರು ಕಾಣಿಸುತ್ತದೆ. ಕಾಲೇಜೇ ಇಮೇಲ್ ಕೊಟ್ಟಿದ್ದರೆ ತೊಡಕು ಇನ್ನೊಂದು ಬಗೆಯದು: ಫೋನು ಸ್ವಂತ ಜಿಮೇಲ್‌ನಿಂದ ಲಿಂಕ್ ತೆರೆದು ‘ಅನುಮತಿ ಇಲ್ಲ’ ಎನ್ನುತ್ತದೆ, ವಿದ್ಯಾರ್ಥಿ ‘ರಿಕ್ವೆಸ್ಟ್ ಆ್ಯಕ್ಸೆಸ್’ ಒತ್ತುತ್ತಾನೆ, ನಿಮ್ಮ ಇನ್‌ಬಾಕ್ಸ್‌ನಲ್ಲಿ ಅಂಥ ನಲವತ್ತು ಮನವಿ ಬಂದು ಬೀಳುತ್ತವೆ. ಆ್ಯಪ್‌ನ ಮೇಲ್ತುದಿಯ ಬಲಭಾಗದಲ್ಲಿರುವ ದುಂಡು ಚಿತ್ರವನ್ನು ಒತ್ತಿ ಖಾತೆ ಬದಲಿಸುವುದನ್ನು ಮೊದಲ ದಿನವೇ ಪ್ರೊಜೆಕ್ಟರ್‌ನಲ್ಲಿ ಮಾಡಿ ತೋರಿಸಿ.

ಫೋನಿನ ಬ್ರೌಸರಿನಲ್ಲಿ ಡಾಕ್ ಓದಲು ಬರುತ್ತದೆ. ನೆಮ್ಮದಿಯಾಗಿ ಬರೆಯಬೇಕೆಂದರೆ ಆ್ಯಪ್ ಬೇಕು. ಡಾಕ್ಸ್ ಮತ್ತು ಶೀಟ್ಸ್ ಬೇರೆ ಬೇರೆ ಆ್ಯಪ್‌ಗಳು. ಎರಡನ್ನೂ ಹಿಂದಿನ ದಿನ ಮನೆಯಲ್ಲೇ ಇಳಿಸಿಕೊಂಡು ಬರಲು ಹೇಳಿ. ತರಗತಿಯಲ್ಲಿ ಅರವತ್ತು ಫೋನು ಒಟ್ಟಿಗೆ ಡೌನ್‌ಲೋಡ್‌ಗೆ ಇಳಿದರೆ ಪೀರಿಯಡ್ ಅಲ್ಲಿಗೇ ಮುಗಿಯುತ್ತದೆ.

ಕನ್ನಡಕ್ಕೆ ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್ ಸಾಕು. ಅದರಲ್ಲಿ ಕನ್ನಡ ಕೀಲಿಮಣೆಯೂ ಇದೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ವಿಧಾನವೂ ಇದೆ, ಮೈಕ್ ಒತ್ತಿ ಮಾತಾಡಿದರೆ ಬರಹವಾಗುವ ಸೌಲಭ್ಯವೂ ಇದೆ. ಕಂಪ್ಯೂಟರಿನಲ್ಲಿ ಕ್ರೋಮ್‌ನಲ್ಲಿ ಡಾಕ್ಸ್ ತೆರೆದು ‘ಟೂಲ್ಸ್’ ಪಟ್ಟಿಯಿಂದ ‘ವಾಯ್ಸ್ ಟೈಪಿಂಗ್’ ಆರಿಸಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೂ ಇದೇ ಕೆಲಸ ಆಗುತ್ತದೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಟಿಪ್ಪಣಿಯನ್ನು ಹಾಗೆಯೇ ಅಂಟಿಸಿದರೆ ಮಾತ್ರ ಎಲ್ಲರ ಪರದೆಯಲ್ಲೂ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಈ ತಪ್ಪು ವಿದ್ಯಾರ್ಥಿಗಳಿಗಿಂತ ಉಪನ್ಯಾಸಕರ ಕಡೆಯಿಂದಲೇ ಹೆಚ್ಚು.

ಯಾವುದಕ್ಕೆ ಯಾವುದು

ಉದ್ದದ ಪಟ್ಟಿ ಬೇಡ. ಅಂಕಿ ಅಂಶ, ಚಿಕ್ಕ ಉತ್ತರ ಒಟ್ಟುಗೂಡಿಸಲು ಶೀಟ್ಸ್. ಗುಂಪಾಗಿ ಬರೆದು ತಿದ್ದಲು ಡಾಕ್ಸ್. ಹೆಸರು ಹೇಳದೆ ಅನಿಸಿದ್ದನ್ನು ಹೇಳಿಸಲು ಪ್ಯಾಡ್ಲೆಟ್ ಅಥವಾ ಮೆಂಟಿಮೀಟರ್. ಸೆಮಿಸ್ಟರ್ ಪೂರ್ತಿ ನಡೆಯುವ ಕೆಲಸಕ್ಕೆ ವಿಕಿಸೋರ್ಸ್. ಕಾಲೇಜಿನಲ್ಲಿ ಮೂಡಲ್ ಅಥವಾ ಮೈಕ್ರೋಸಾಫ್ಟ್ ಟೀಮ್ಸ್ ಇದ್ದರೆ ಮೂಡಲ್‌ನ ವಿಕಿ, ಟೀಮ್ಸ್‌ನ ನೋಟ್‌ಬುಕ್ ಬಳಸಬಹುದು. ಹೊಸ ಖಾತೆಯ ಗೋಜಲಿಲ್ಲ ಎಂಬುದೇ ಅದರ ದೊಡ್ಡ ಗುಣ. ಖಾತೆಯೇ ಬೇಡ ಎನ್ನುವವರಿಗೆ ಎಥರ್‌ಪ್ಯಾಡ್ ಎಂಬ ಆನ್‌ಲೈನ್ ಹಾಳೆ ಇದೆ: ಬರೆದವರಿಗೆಲ್ಲ ಒಂದೊಂದು ಬಣ್ಣ, ಬರವಣಿಗೆ ಬೆಳೆದ ಬಗೆಯನ್ನು ಹಿಂದಕ್ಕೆ ಓಡಿಸಿ ನೋಡುವ ಪಟ್ಟಿಯೂ ಉಂಟು.

ಗೂಗಲ್ ಜಾಮ್‌ಬೋರ್ಡ್ ಎಂಬ ಆನ್‌ಲೈನ್ ವೈಟ್‌ಬೋರ್ಡ್ ಬಳಸಿ ಎಂದು ಹೇಳುವ ತರಬೇತಿ ಕೈಪಿಡಿಗಳು ಈಗಲೂ ಓಡಾಡುತ್ತಿವೆ. ಅದು 2024ರ ಡಿಸೆಂಬರ್ 31ಕ್ಕೆ ಮುಚ್ಚಿತು. ಉಚಿತ ಸೇವೆಗಳ ಮಿತಿಗಳೂ ವರ್ಷ ವರ್ಷ ಬದಲಾಗುತ್ತವೆ. ಭಾಗವಹಿಸುವವರ ಮಿತಿ 50 ಇದ್ದರೆ ಅರವತ್ತರ ತರಗತಿಯಲ್ಲಿ ಕೊನೆಯ ಹತ್ತು ಮಂದಿಗೆ ಬಾಗಿಲು ಮುಚ್ಚುತ್ತದೆ, ಅದೂ ಎಲ್ಲರೆದುರು. ಸೆಮಿಸ್ಟರ್ ಶುರುವಾಗುವ ಮುನ್ನ ಆ ಸೇವೆಯ ದರಪಟ್ಟಿಯ ಪುಟ ತೆರೆದು ‘ಎಷ್ಟು ಮಂದಿ, ಎಷ್ಟು ಬೋರ್ಡು’ ಎಂಬ ಎರಡನ್ನು ನೋಡಿಕೊಳ್ಳಿ. ಗೂಗಲ್ ಡಾಕ್ಸ್‌ನಲ್ಲಿ ಒಂದೇ ಹೊತ್ತಿಗೆ 100 ಮಂದಿಯವರೆಗೆ ಬರೆಯಬಹುದು. ಆದರೂ ಒಂದೇ ಡಾಕ್‌ನಲ್ಲಿ ಅರವತ್ತು ಮಂದಿಯನ್ನು ಬಿಡಬೇಡಿ. ಮೇಲಿನವನು ಎಂಟರ್ ಒತ್ತಿದಾಗಲೆಲ್ಲ ಕೆಳಗಿನವನ ಸಾಲು ಜಾರುತ್ತದೆ, ಚಿಕ್ಕ ಪರದೆಯಲ್ಲಿ ತನ್ನ ಜಾಗ ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಶೀಟ್‌ನಲ್ಲಿ ಈ ಕಾಟವಿಲ್ಲ, ಸಾಲು ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಮೊದಲ ಪ್ರಯೋಗ ಶೀಟ್‌ನಲ್ಲೇ ಇರಲಿ ಎನ್ನುವುದು ಇದಕ್ಕೇ.

ಮೊದಲ ಪ್ರಯೋಗ: ಟೊಮೆಟೊ ಬೆಲೆ

ಬಿ.ಕಾಂ. ಅಥವಾ ಬಿ.ಎ. ಅರ್ಥಶಾಸ್ತ್ರದ ಮೊದಲ ಸೆಮಿಸ್ಟರ್‌ಗೆ ಹೊಂದುವ ಒಂದು ಅಭ್ಯಾಸವನ್ನು ಪೂರ್ತಿ ನೋಡೋಣ. ಕೆಲಸ ಇಷ್ಟೇ: ಪ್ರತಿಯೊಬ್ಬರೂ ತಮ್ಮ ಊರಿನ ಅಂಗಡಿ, ಸಂತೆ ಅಥವಾ ಎಪಿಎಂಸಿಯಲ್ಲಿ ಅಂದಿನ ಟೊಮೆಟೊ ಬೆಲೆ ವಿಚಾರಿಸಿಕೊಂಡು ಬಂದು ಶೀಟ್‌ನ ತಮ್ಮ ಸಾಲಿನಲ್ಲಿ ತುಂಬುವುದು. ಚಾಟ್‌ಜಿಪಿಟಿಗೆ ಈ ಉತ್ತರ ಗೊತ್ತಿರುವುದಿಲ್ಲ ಎಂಬ ಲಾಭವೂ ಇದೆ.

ತಯಾರಿ ಕಂಪ್ಯೂಟರಿನಲ್ಲೇ ಆಗಬೇಕು, ಅರ್ಧ ಗಂಟೆಯ ಕೆಲಸ.

1. ಕಾಲಂಗಳು ಆರು: ರೋಲ್ ನಂಬರ್, ಹೆಸರು, ತಾಲ್ಲೂಕು, ಎಲ್ಲಿ ಕೇಳಿದ್ದು, ಬೆಲೆ, ಎಷ್ಟಕ್ಕೆ. ರೋಲ್ ನಂಬರ್ ಮತ್ತು ಹೆಸರನ್ನು ಹಾಜರಿ ಪುಸ್ತಕ ನೋಡಿ ನೀವೇ ತುಂಬಿಡಿ. ವಿದ್ಯಾರ್ಥಿ ಬಂದಾಗ ಅವನ ಸಾಲು ಅವನಿಗಾಗಿ ಕಾಯುತ್ತಿರಬೇಕು.

2. ‘ವ್ಯೂ’ ಪಟ್ಟಿಯಲ್ಲಿ ‘ಫ್ರೀಜ್’ ಆರಿಸಿ ಮೊದಲ ಸಾಲು ಮತ್ತು ಮೊದಲ ಕಾಲಂ ನಿಲ್ಲಿಸಿ. ಫೋನಿನಲ್ಲಿ 47ನೇ ಸಾಲಿಗೆ ಇಳಿದವನಿಗೆ ಯಾವ ಕಾಲಂ ಏನು ಎಂದು ಕಾಣುವುದು ಇದರಿಂದಲೇ. ಹೆಸರಿನ ಕಾಲಂ ನಿಲ್ಲಿಸಬೇಡಿ. ಅದು ಅಗಲವಾದರೆ ಚಿಕ್ಕ ಪರದೆಯನ್ನೆಲ್ಲ ನುಂಗುತ್ತದೆ.

3. ‘ಎಲ್ಲಿ ಕೇಳಿದ್ದು’ ಕಾಲಮ್ಮಿಗೆ ಡ್ರಾಪ್‌ಡೌನ್ (ಒತ್ತಿ ಆರಿಸುವ ಪಟ್ಟಿ) ಹಾಕಿ: ಕಿರಾಣಿ ಅಂಗಡಿ, ಸಂತೆ, ತಳ್ಳುಗಾಡಿ, ಎಪಿಎಂಸಿ, ಆ್ಯಪ್. ಬಿಟ್ಟರೆ ‘ಸಂತೆ’, ‘ಸಂತೆಯಲ್ಲಿ’, ‘ನಮ್ಮೂರ ಸಂತೆ’ ಎಂದು ಮೂರು ಬಗೆಯಾಗಿ ಬರುತ್ತದೆ. ಶೀಟ್‌ನ ಲೆಕ್ಕದಲ್ಲಿ ಅವು ಮೂರು ಬೇರೆ ಜಾಗಗಳು.

4. ಬೆಲೆಯ ಕಾಲಮ್ಮಿಗೆ ‘ಡೇಟಾ ವ್ಯಾಲಿಡೇಶನ್’ನಲ್ಲಿ 1ರಿಂದ 2000ದೊಳಗಿನ ಸಂಖ್ಯೆ ಮಾತ್ರ ಎಂಬ ನಿಯಮ ಹಾಕಿ, ತಪ್ಪಿದ್ದನ್ನು ತಿರಸ್ಕರಿಸುವ ಆಯ್ಕೆ ಒತ್ತಿ. ‘20 ರೂ’, ‘20/-’ ಎಂದು ಬರೆದರೆ ಶೀಟ್ ಅದನ್ನು ಸಂಖ್ಯೆ ಎಂದು ಪರಿಗಣಿಸುವುದಿಲ್ಲ, ಸರಾಸರಿ ತೆಗೆಯುವಾಗ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕಣ್ಣಿಗೆ ಗುರುತು ಹಿಡಿಯುವ ಉಪಾಯ: ಸಂಖ್ಯೆಯಾದದ್ದು ಕೋಶದ ಬಲಕ್ಕೆ ಅಂಟಿಕೊಂಡಿರುತ್ತದೆ, ಪಠ್ಯವಾದದ್ದು ಎಡಕ್ಕೆ.

5. ‘ಡೇಟಾ’ ಪಟ್ಟಿಯ ‘ಪ್ರೊಟೆಕ್ಟ್ ಶೀಟ್ಸ್ ಆ್ಯಂಡ್ ರೇಂಜಸ್’ನಲ್ಲಿ ಮೊದಲ ಸಾಲನ್ನೂ ಮೊದಲೆರಡು ಕಾಲಂಗಳನ್ನೂ ನಿಮ್ಮ ಹೆಸರಿಗೆ ಬೀಗ ಹಾಕಿ. ಒಬ್ಬೊಬ್ಬರ ಸಾಲಿಗೂ ಬೇರೆ ಬೇರೆ ಬೀಗ ಹಾಕಲು ಬರುತ್ತದೆ, ಆದರೆ ಅಷ್ಟು ಕಷ್ಟ ಪಡುವ ಅಗತ್ಯವಿಲ್ಲ.

6. ‘ಶೇರ್’ ಒತ್ತಿ, ‘ಎನಿವನ್ ವಿತ್ ದ ಲಿಂಕ್’ ಆರಿಸಿ, ಪಕ್ಕದಲ್ಲಿ ‘ಎಡಿಟರ್’ ಮಾಡಿ. ಇದು ಬಹಳ ಸಲ ‘ವ್ಯೂವರ್’ ಎಂದೇ ಉಳಿದು, ತರಗತಿಯಲ್ಲಿ ‘ಸರ್, ಟೈಪೇ ಆಗ್ತಿಲ್ಲ’ ಎಂಬ ದೂರಿಗೆ ದಾರಿಯಾಗುತ್ತದೆ. ಇನ್ನೊಂದು ಖಾತೆಯಿಂದ, ಫೋನಿನಲ್ಲೇ, ಒಂದು ಸಲ ತೆರೆದು ನೋಡಿ.

ಲಿಂಕ್ ತಲುಪಿಸಲು ವಾಟ್ಸ್‌ಆ್ಯಪ್ ಗುಂಪು ಸರಿ. ಜೊತೆಗೆ ಕ್ರೋಮ್‌ನಿಂದಲೇ ಕ್ಯುಆರ್ ಕೋಡ್ ಮಾಡಿ ಪ್ರೊಜೆಕ್ಟರ್‌ನಲ್ಲಿ ತೋರಿಸಿ. ಗುಂಪಿನಲ್ಲಿ ಇಲ್ಲದವರು, ನಿನ್ನೆ ತಾನೇ ಸೇರಿದವರು ಪ್ರತಿ ಸೆಕ್ಷನ್‌ನಲ್ಲೂ ಇರುತ್ತಾರೆ.

ಪೀರಿಯಡ್ ಹೀಗೆ ಹಂಚಿಕೊಳ್ಳಿ. ಹಾಜರಿ ಮತ್ತು ಲಿಂಕ್ ತೆರೆಯುವುದಕ್ಕೆ ಎಂಟು ನಿಮಿಷ. ತುಂಬಲು ಆರು ನಿಮಿಷ. ಫೋನಿಲ್ಲದವರು ಪಕ್ಕದವರ ಫೋನಿನಲ್ಲಿ ತಮ್ಮ ಸಾಲು ತುಂಬಲಿ; ಸಾಲು ರೋಲ್ ನಂಬರಿನದ್ದಾದ್ದರಿಂದ ಯಾರ ಖಾತೆಯಿಂದ ತುಂಬಿದರೂ ತೊಂದರೆಯಿಲ್ಲ. ಆಮೇಲಿನ ಮೂವತ್ತು ನಿಮಿಷ ಫೋನು ಬೆಂಚಿನ ಮೇಲೆ ಮುಖ ಕೆಳಗೆ, ಕಣ್ಣು ಪ್ರೊಜೆಕ್ಟರ್ ಮೇಲೆ. ಪಾಠ ನಡೆಯುವುದು ಇಲ್ಲಿ. ಈ ಮೂವತ್ತು ನಿಮಿಷ ಇಲ್ಲದಿದ್ದರೆ ಮೇಲಿನದ್ದೆಲ್ಲ ಬರೀ ಡೇಟಾ ಎಂಟ್ರಿ.

ಉದಾಹರಣೆಗೆ, ಐವತ್ತೊಂಬತ್ತು ಮಂದಿ ಕೆಜಿಗೆ 20 ಎಂದು ಬರೆದಿದ್ದಾರೆ, ಕೋಲಾರದ ಕಡೆಯ ಒಬ್ಬಳು 300 ಎಂದು ಬರೆದಿದ್ದಾಳೆ ಎಂದುಕೊಳ್ಳಿ. ಸರಾಸರಿ 24 ರೂಪಾಯಿ 67 ಪೈಸೆಗೆ ಏರುತ್ತದೆ. ಮಧ್ಯಾಂಕ, ಅಂದರೆ ಬೆಲೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು, ಇಪ್ಪತ್ತರಲ್ಲೇ ಕೂತಿರುತ್ತದೆ. ಒಬ್ಬಳ ಒಂದು ಸಾಲು ಇಡೀ ತರಗತಿಯ ಸರಾಸರಿಯನ್ನು ಎಳೆದಾಡುವುದನ್ನು ಕಣ್ಣಾರೆ ಕಂಡವರಿಗೆ ಸರಾಸರಿಗೂ ಮಧ್ಯಾಂಕಕ್ಕೂ ಇರುವ ವ್ಯತ್ಯಾಸವನ್ನು ಮತ್ತೆ ಬಾಯಿಪಾಠ ಮಾಡಿಸಬೇಕಿಲ್ಲ. ಅವಳು ಬರೆದದ್ದು ತಪ್ಪೂ ಅಲ್ಲ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆಜಿಯ ಬಾಕ್ಸ್ ಲೆಕ್ಕದಲ್ಲಿ. 300ನ್ನು 15ರಿಂದ ಭಾಗಿಸಿದರೆ ಅದೇ ಇಪ್ಪತ್ತು. ‘ಎಷ್ಟಕ್ಕೆ’ ಎಂಬ ಆರನೆಯ ಕಾಲಂ ಇದಕ್ಕಾಗಿಯೇ ಇದ್ದದ್ದು. ಅದನ್ನು ತುಂಬದೆ ಬಿಟ್ಟವರು ಯಾರು ಎಂದು ಆಗ ನೋಡಿ. ಅರ್ಧ ತರಗತಿ ಬಿಟ್ಟಿರುತ್ತದೆ. ಅಳತೆಯ ಮಾನ ಹೇಳದ ಸಂಖ್ಯೆಗೆ ಅರ್ಥವಿಲ್ಲ ಎಂಬ ಪಾಠ ತಾನಾಗಿ ಬಂದಂತಾಯಿತು.

ಇಲ್ಲಿ ಎಡವುವ ಜಾಗಗಳು ಗೊತ್ತಿದ್ದದ್ದೇ. ಯಾರೋ ಒಬ್ಬರು ಶೀಟನ್ನು ಬೆಲೆಯ ಪ್ರಕಾರ ಸಾರ್ಟ್ ಮಾಡುತ್ತಾರೆ. ಎಲ್ಲರ ಪರದೆಯಲ್ಲೂ ಸಾಲುಗಳು ಮೇಲೆ ಕೆಳಗೆ ಆಗಿ, ಅದೇ ಹೊತ್ತಿಗೆ ಟೈಪಿಸುತ್ತಿದ್ದವರ ಉತ್ತರ ಇನ್ನೊಬ್ಬರ ಸಾಲಿಗೆ ಹೋಗಿ ಕೂರುತ್ತದೆ. ಮಾಮೂಲಿ ಫಿಲ್ಟರ್ ಹಾಕಿದರೂ ಅಷ್ಟೇ, ಒಬ್ಬರು ಹಾಕಿದ್ದು ಎಲ್ಲರಿಗೂ ಅನ್ವಯಿಸುತ್ತದೆ. ತನಗೆ ಮಾತ್ರ ಬೇಕಾದರೆ ‘ಫಿಲ್ಟರ್ ವ್ಯೂ’ ಬಳಸಬೇಕು. ಬೀಗ ಹಾಕಿದ ಕಾಲಂಗಳು ಈ ಅನಾಹುತವನ್ನು ಬಹುಮಟ್ಟಿಗೆ ತಡೆಯುತ್ತವೆ. ಯಾರಾದರೂ ಎಲ್ಲವನ್ನೂ ಅಳಿಸಿದರೆ ಗಾಬರಿ ಬೇಡ: ‘ಫೈಲ್’, ‘ವರ್ಶನ್ ಹಿಸ್ಟರಿ’, ಐದು ನಿಮಿಷ ಹಿಂದಿನ ಪ್ರತಿ, ‘ರಿಸ್ಟೋರ್’. ಒಂದೇ ಕೋಶದ ಪೂರ್ವಾಪರ ಬೇಕಿದ್ದರೆ ಕಂಪ್ಯೂಟರಿನಲ್ಲಿ ಅದರ ಮೇಲೆ ಬಲಗುಂಡಿ ಒತ್ತಿ ‘ಶೋ ಎಡಿಟ್ ಹಿಸ್ಟರಿ’ ನೋಡಿ. ಮೊದಲ ತರಗತಿಯಲ್ಲೇ ನೀವೇ ಬೇಕೆಂದು ಒಂದು ಕಾಲಂ ಅಳಿಸಿ, ವಾಪಸ್ ತಂದು ತೋರಿಸಿದರೆ ಇನ್ನೂ ಒಳ್ಳೆಯದು. ಅಳಿಸುವ ಚೇಷ್ಟೆಯ ಮೋಜು ಅಲ್ಲಿಗೆ ಇಳಿಯುತ್ತದೆ, ಕೈತಪ್ಪಿ ಅಳಿಸೀತು ಎಂದು ಹೆದರಿ ಬರೆಯದೆ ಕೂತವರಿಗೂ ಧೈರ್ಯ ಬರುತ್ತದೆ.

ಗುಂಪು ಬರವಣಿಗೆ

ಶೀಟ್‌ಗೆ ಕೈ ಪಳಗಿದ ಮೇಲೆ, ಎರಡು ಮೂರು ವಾರ ಕಳೆದು, ಡಾಕ್‌ಗೆ ಹೋಗಬಹುದು. ಗುಂಪಿಗೆ ಐದು ಮಂದಿ, ಅರವತ್ತಕ್ಕೆ ಹನ್ನೆರಡು ಡಾಕ್. ಎಂಟು ಮಂದಿಯ ಗುಂಪಿನಲ್ಲಿ ಮೂವರು ಖಂಡಿತ ಮರೆಗೆ ಸರಿಯುತ್ತಾರೆ. ಮೂವರ ಗುಂಪಿನಲ್ಲಿ ಒಬ್ಬರು ಗೈರುಹಾಜರಾದರೆ ಕೆಲಸ ನಿಲ್ಲುತ್ತದೆ. ಚೀಟಿ ಸಮೀಕ್ಷೆ ನೋಡಿಕೊಂಡು ಪ್ರತಿ ಗುಂಪಿಗೂ ಲ್ಯಾಪ್‌ಟಾಪ್ ಇರುವವರು ಒಬ್ಬರು, ಕನ್ನಡ ಟೈಪಿಂಗ್ ಚೆನ್ನಾಗಿ ಬರುವವರು ಒಬ್ಬರು ಇರುವಂತೆ ಹಂಚಿ. ಗೆಳೆಯರ ಗುಂಪು ಮಾಡಿಕೊಳ್ಳಲು ಬಿಡುವುದು ಸುಲಭ, ಆದರೆ ಸಂಪನ್ಮೂಲವೆಲ್ಲ ಎರಡು ಗುಂಪಿಗೆ ಸೇರಿಹೋಗುತ್ತದೆ.

ಒಂದು ಮಾದರಿ ಡಾಕ್ ಮಾಡಿ. ಅದರಲ್ಲಿ ಒಂದು ಪ್ರಶ್ನೆ, ಕೆಳಗೆ ಐದು ಸಾಲಿನ ಕೋಷ್ಟಕ: ರೋಲ್ ನಂಬರ್, ಆ ವಿದ್ಯಾರ್ಥಿಯ ಉಪಪ್ರಶ್ನೆ, ಉತ್ತರಕ್ಕೆ ಜಾಗ, 80ರಿಂದ 100 ಪದ. ಕೋಷ್ಟಕದ ಕೆಳಗೆ ‘ಗುಂಪಿನ ಒಟ್ಟು ಉತ್ತರ’ ಎಂಬ ತಲೆಬರಹ. ಉಪಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿರಲಿ. ಒಬ್ಬರ ಉತ್ತರವನ್ನು ಓದದೆ ಒಟ್ಟು ಉತ್ತರ ಬರೆಯಲು ಆಗಬಾರದು. ಐದೂ ಬಿಡಿ ಉತ್ತರಗಳನ್ನು ಅಂಟಿಸಿ ‘ಮುಗಿಯಿತು’ ಎನ್ನುವಂತಿದ್ದರೆ ಅದು ಒಂದೇ ಕಾಗದದಲ್ಲಿ ಬರೆದ ಐದು ಅಸೈನ್‌ಮೆಂಟು, ಅಷ್ಟೇ.

ಪ್ರತಿ ಗುಂಪಿಗೂ ಪ್ರತಿ ಕೊಡಲು ಒಂದು ಕಿರುದಾರಿ: ಡಾಕ್‌ನ ಲಿಂಕಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ‘ಎಡಿಟ್’ ಎಂದಿರುತ್ತದೆ. ಅದನ್ನೂ ಅದರ ಮುಂದಿನದ್ದನ್ನೂ ಅಳಿಸಿ ಇಂಗ್ಲಿಷಿನಲ್ಲೇ ‘ಕಾಪಿ’ ಎಂದು ಬರೆದು ಕಳಿಸಿದರೆ, ತೆರೆದವರಿಗೆ ನೇರವಾಗಿ ಸ್ವಂತ ಪ್ರತಿ ಮಾಡಿಕೊಳ್ಳುವ ಗುಂಡಿ ಬರುತ್ತದೆ. ಆದರೆ ಹೀಗೆ ಮಾಡಿದ ಪ್ರತಿಯ ಒಡೆತನ ವಿದ್ಯಾರ್ಥಿಯದು; ಅವನು ನಿಮ್ಮನ್ನು ಸೇರಿಸಲು ಮರೆತರೆ ನಿಮಗೆ ಏನೂ ಕಾಣದು. ಅಂಕಕ್ಕೆ ಸಂಬಂಧಿಸಿದ ಕೆಲಸಕ್ಕೆ ಹನ್ನೆರಡು ಪ್ರತಿಗಳನ್ನು ನೀವೇ ಮಾಡಿ, ‘ಗುಂಪು 1’ ಎಂದು ಹೆಸರಿಟ್ಟು, ಒಂದೇ ಫೋಲ್ಡರ್‌ನಲ್ಲಿಟ್ಟು ಹಂಚಿ. ಹದಿನೈದು ನಿಮಿಷ ಹೆಚ್ಚು ಹಿಡಿಯುತ್ತದೆ, ಆಮೇಲೆ ಹುಡುಕಾಟ ತಪ್ಪುತ್ತದೆ. ಈ ಸಲ ಎಲ್ಲರೂ ಖಾತೆಯಿಂದಲೇ ಒಳಬರಬೇಕು. ಖಾತೆಯಿಲ್ಲದೆ ಲಿಂಕ್‌ನಿಂದ ಬಂದವರ ಹೆಸರಿನ ಜಾಗದಲ್ಲಿ ಗೂಗಲ್ ಯಾವುದೋ ಪ್ರಾಣಿಯ ಹೆಸರು ಕೂರಿಸುತ್ತದೆ. ‘ಅನಾಮಿಕ ಒಂಟೆ’ ಬರೆದ ಪ್ಯಾರಾಗೆ ಯಾರ ಲೆಕ್ಕದಲ್ಲಿ ಅಂಕ ಕೊಡುವುದು?

ಬರೆದ ಮರುದಿನ ಗುಂಪುಗಳು ಡಾಕ್ ಬದಲಾಯಿಸಿಕೊಳ್ಳಲಿ. ಒಂದನೇ ಗುಂಪು ಎರಡನೆಯದ್ದನ್ನು, ಎರಡನೆಯದು ಮೂರನೆಯದ್ದನ್ನು. ಇಲ್ಲಿ ಅನುಮತಿಯನ್ನು ‘ಕಮೆಂಟರ್’ಗೆ ಇಳಿಸಿ. ‘ಚೆನ್ನಾಗಿದೆ’ ಎಂಬ ಟಿಪ್ಪಣಿಗೆ ಲೆಕ್ಕವಿಲ್ಲ ಎಂದು ಮೊದಲೇ ಹೇಳಿಬಿಡಿ, ಇಲ್ಲವಾದರೆ ಅಂಚಿನ ತುಂಬ ಅದೇ ಇರುತ್ತದೆ. ಬದಲಿಗೆ ಎರಡು ಬಗೆಯ ಟಿಪ್ಪಣಿ ಕೇಳಿ: ‘ಈ ವಾಕ್ಯಕ್ಕೆ ಆಧಾರ ಏನು?’ ಎಂಬಂಥ ಒಂದು ಪ್ರಶ್ನೆ, ‘ಇಲ್ಲಿ ಹೀಗೆ ಬರೆದರೆ ಸ್ಪಷ್ಟವಾಗುತ್ತದೆ’ ಎಂದು ತಿದ್ದಿ ತೋರಿಸುವ ಒಂದು ಸಲಹೆ. ಇನ್ನೊಬ್ಬರು ಬರೆದದ್ದನ್ನು ನೇರವಾಗಿ ತಿದ್ದಲು ನಮ್ಮ ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ಅದು ಒಳ್ಳೆಯ ಸಂಕೋಚವೇ. ಟಿಪ್ಪಣಿಯಾಗಿ ಬರೆಯುವಾಗ ಆ ಹಿಂಜರಿಕೆ ಅಷ್ಟಿರುವುದಿಲ್ಲ.

ಬಾಯಿ ಬಿಡದವರು

ತರಗತಿಯಲ್ಲಿ ಒಮ್ಮೆಯೂ ಕೈ ಎತ್ತದವರು ಪ್ಯಾಡ್ಲೆಟ್‌ನಲ್ಲಿ ಹೆಸರಿಲ್ಲದೆ ಚೆನ್ನಾಗಿ ಬರೆಯುತ್ತಾರೆ. ‘ಈ ಪಾಠದಲ್ಲಿ ಇನ್ನೂ ಅರ್ಥವಾಗದ್ದು ಒಂದೇ ವಾಕ್ಯದಲ್ಲಿ’ ಎಂದು ಪೀರಿಯಡ್‌ನ ಕೊನೆಯ ನಾಲ್ಕು ನಿಮಿಷ ಕೊಡಿ. ಕನ್ನಡ, ಇಂಗ್ಲಿಷ್, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಯಾವುದಾದರೂ ಸರಿ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಪಾಠ ಕೇಳುತ್ತಿರುವವರಿಗೆ ಈ ಸಡಿಲಿಕೆ ದೊಡ್ಡದು.

ಹೆಸರಿಲ್ಲದ ಬೋರ್ಡ್ ಎಂದ ಮೇಲೆ ಕಿಡಿಗೇಡಿತನವೂ ಬರುತ್ತದೆ. ಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ ‘ಮಾಡರೇಶನ್’ ಹಾಕಿಡಿ: ನೀವು ಒಪ್ಪಿದ ಮೇಲಷ್ಟೇ ಬರೆದದ್ದು ಎಲ್ಲರಿಗೂ ಕಾಣುತ್ತದೆ. ಇದನ್ನು ಮರೆತು ಪ್ರೊಜೆಕ್ಟರ್‌ಗೆ ಬೋರ್ಡ್ ಬಿಟ್ಟರೆ ಮೂರನೆಯ ನಿಮಿಷಕ್ಕೆ ಯಾವುದೋ ಹುಡುಗಿಯ ಹೆಸರು ಪರದೆಯ ಮೇಲೆ ಬಂದಿರುತ್ತದೆ. ಬಂದ ಪ್ರಶ್ನೆಗಳಲ್ಲಿ ಮೂರನ್ನು ಆರಿಸಿ ಮುಂದಿನ ಪಾಠವನ್ನು ಅವುಗಳಿಂದಲೇ ಶುರು ಮಾಡಿ. ಎರಡು ಸಲ ಹಾಗೆ ಮಾಡದೆ ಬಿಟ್ಟರೆ ಮೂರನೆಯ ಸಲ ಯಾರೂ ಬರೆಯುವುದಿಲ್ಲ.

ದೃಷ್ಟಿದೋಷವಿರುವ ವಿದ್ಯಾರ್ಥಿಗಳಿದ್ದರೆ ಬಣ್ಣದ ಚೀಟಿ ಅಂಟಿಸುವ ವೈಟ್‌ಬೋರ್ಡ್ ಸಾಧನಗಳು ಅವರಿಗೆ ತೊಡಕು. ಡಾಕ್ಸ್‌ನ ಸರಳ ಪಠ್ಯವನ್ನು ಫೋನಿನ ಟಾಕ್‌ಬ್ಯಾಕ್ ಓದಿ ಹೇಳುತ್ತದೆ, ಆದ್ದರಿಂದ ಅಂಥ ತರಗತಿಯಲ್ಲಿ ವೈಟ್‌ಬೋರ್ಡನ್ನು ಬಿಟ್ಟು ಡಾಕ್‌ಗೆ ಬನ್ನಿ.

ಸೆಮಿಸ್ಟರ್ ಪೂರ್ತಿ ನಡೆಯುವ ಕೆಲಸ: ವಿಕಿಸೋರ್ಸ್

ತರಗತಿಯ ಹೊರಗಿನವರಿಗೂ ಬಳಕೆಯಾಗುವ ಕೆಲಸ ಬೇಕಿದ್ದರೆ ಕನ್ನಡ ವಿಕಿಪೀಡಿಯಕ್ಕಿಂತ ಕನ್ನಡ ವಿಕಿಸೋರ್ಸ್‌ನಿಂದ ಶುರು ಮಾಡುವುದು ಕ್ಷೇಮ. ವಿಕಿಪೀಡಿಯದಲ್ಲಿ ಲೇಖನ ಬರೆಸುವುದು ಕೇಳಲು ಚೆಂದ. ಆದರೆ 2011ರಲ್ಲಿ ಪುಣೆಯ ಕೆಲವು ಕಾಲೇಜುಗಳ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಸಿದ ಪ್ರಯೋಗ ಅರ್ಧಕ್ಕೇ ನಿಂತಿತು. ವಿದ್ಯಾರ್ಥಿಗಳು ಬೇರೆಡೆಯ ಪಠ್ಯವನ್ನು ಹಾಗೆಯೇ ತಂದು ಸುರಿದರು. ಕೃತಿಸ್ವಾಮ್ಯ ಉಲ್ಲಂಘನೆಯನ್ನು ತೊಳೆಯುವ ಭಾರ ಸ್ವಯಂಸೇವಕರ ಮೇಲೆ ಬಿತ್ತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಭಾಷಾ ವಿದ್ಯಾರ್ಥಿಗಳಿಗೆ 2013ರಲ್ಲಿ ಶುರುವಾದ ಇಂಥ ಕಾರ್ಯಕ್ರಮ ಹಲವು ವರ್ಷ ನಡೆಯಿತು. ಅಲ್ಲಿ ತರಬೇತಿ ಕೊಡುವ ವಿಕಿಮೀಡಿಯ ಮಂದಿ ಜೊತೆಗಿದ್ದರು. ಆ ಬೆಂಬಲವಿಲ್ಲದ ಕಾಲೇಜಿಗೆ ಕರಡು ತಿದ್ದುವ ಕೆಲಸವೇ ಒಗ್ಗುತ್ತದೆ.

ಕೆಲಸ ಹೀಗೆ: ಎಡಕ್ಕೆ ಯಂತ್ರ ಓದಿ ತೆಗೆದ ಪಠ್ಯ, ಬಲಕ್ಕೆ ಹಳೆಯ ಪುಸ್ತಕದ ಸ್ಕ್ಯಾನ್ ಪುಟ. ಎರಡನ್ನೂ ಹೋಲಿಸಿ ತಿದ್ದಬೇಕು. ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ, ಎರಡನೆಯವರು ನೋಡಿ ಒಪ್ಪಿದ ಮೇಲೆ ಹಸಿರು. ಹಳದಿ ಮಾಡಿದವರಿಗೆ ಅದೇ ಪುಟವನ್ನು ಹಸಿರು ಮಾಡುವ ಗುಂಡಿ ಬರುವುದೇ ಇಲ್ಲ. ಜೋಡಿಯಾಗಿ ಕೆಲಸ ಮಾಡುವುದನ್ನು ಸಾಧನವೇ ಕಡ್ಡಾಯ ಮಾಡಿದಂತಾಯಿತು. ಒಬ್ಬ ವಿದ್ಯಾರ್ಥಿಗೆ ಸೆಮಿಸ್ಟರ್‌ಗೆ ಹತ್ತು ಪುಟ ಹಳದಿ, ಹತ್ತು ಪುಟ ಹಸಿರು ಎಂದರೆ ಹದವಾದ ಹೊರೆ. ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ತಂದಿತು. ಅದರ ಪುಟಗಳು ಅಲ್ಲಿವೆ. ಬೇರೆ ಪುಸ್ತಕ ಆರಿಸುವುದಾದರೆ ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದಿರಬೇಕು.

ತಿದ್ದುವಾಗ ಏನನ್ನು ನೋಡಬೇಕು ಎಂದು ಬರೆದುಕೊಡಿ. ಯಂತ್ರ ಓದಿದ ಕನ್ನಡದಲ್ಲಿ ‘ಮ’ ಮತ್ತು ‘ವು’, ‘ಪ’ ಮತ್ತು ‘ಷ’, ‘ಘ’ ಮತ್ತು ‘ಫ’ ಅದಲುಬದಲಾಗುತ್ತವೆ, ಒತ್ತಕ್ಷರ ಬಿದ್ದುಹೋಗುತ್ತದೆ. ಎಲ್ಲಕ್ಕಿಂತ ಕಣ್ಣು ತಪ್ಪಿಸುವುದು ಅನುಸ್ವಾರ: ‘ಂ’ ಇರಬೇಕಾದಲ್ಲಿ ಕನ್ನಡ ಅಂಕಿಯ ಸೊನ್ನೆ ‘೦’ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಆದರೆ ಹುಡುಕಿದಾಗ ಆ ಪದ ಸಿಗುವುದಿಲ್ಲ. ಅನುಮಾನ ಬಂದ ಪದವನ್ನು ಅಳಿಸಿ ಮತ್ತೆ ಟೈಪಿಸುವುದೇ ಖಚಿತ ಮದ್ದು.

ಖಾತೆ ತೆರೆಸುವ ದಿನ ಒಂದು ಗೋಡೆ ಅಡ್ಡ ಬರುತ್ತದೆ. ವಿಕಿಮೀಡಿಯ ತಾಣಗಳಲ್ಲಿ ಒಂದೇ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ದಿನಕ್ಕೆ ಆರು ಹೊಸ ಖಾತೆ ಮಾತ್ರ ತೆರೆಯಬಹುದು. ಕಾಲೇಜಿನ ಲ್ಯಾಬ್ ಪೂರ್ತಿ ಒಂದೇ ಐಪಿಯಿಂದ ಹೊರಹೋಗುವುದರಿಂದ ಏಳನೆಯವರಿಂದ ಎಲ್ಲರಿಗೂ ತಡೆ. ಹಿಂದಿನ ವಾರವೇ ಮನೆಯಿಂದ, ಮೊಬೈಲ್ ಡೇಟಾದಲ್ಲಿ ಖಾತೆ ತೆರೆದುಕೊಂಡು ಬರಲಿ. ಬಳಕೆದಾರರ ಹೆಸರಿನಲ್ಲಿ ಫೋನ್ ನಂಬರ್, ಹುಟ್ಟಿದ ದಿನ ಇರದಿರಲಿ. ಆ ಹೆಸರು ಪ್ರತಿ ತಿದ್ದುಪಡಿಯ ಜೊತೆ ಸಾರ್ವಜನಿಕವಾಗಿ ಉಳಿಯುತ್ತದೆ.

ಅಂಕ

ಆಂತರಿಕ ಮೌಲ್ಯಮಾಪನದಲ್ಲಿ ಈ ಚಟುವಟಿಕೆಗೆ 10 ಅಂಕ ಇಟ್ಟುಕೊಂಡರೆ, ತನ್ನ ಪಾಲಿನ ಸಾಲು, ಪ್ಯಾರಾ ಹೊತ್ತಿಗೆ ಸರಿಯಾಗಿ ಬರೆದದ್ದಕ್ಕೆ 4, ಇನ್ನೊಬ್ಬರ ಬರಹಕ್ಕೆ ಹಾಕಿದ ಟಿಪ್ಪಣಿಗೆ 3, ಗುಂಪಿನ ಒಟ್ಟು ಉತ್ತರಕ್ಕೆ 3. ಗುಂಪಿನ ಅಂಕ ಇದಕ್ಕಿಂತ ದೊಡ್ಡದಾದರೆ ದುಡಿದವರ ಬೆನ್ನ ಮೇಲೆ ದುಡಿಯದವರು ಕೂರುತ್ತಾರೆ. ಯಾರು ಎಷ್ಟು ಬರೆದರು ಎಂಬುದನ್ನು ಕಂಪ್ಯೂಟರಿನಲ್ಲಿ ವರ್ಶನ್ ಹಿಸ್ಟರಿ ತೆರೆದು ನೋಡಿ, ಪ್ರತಿಯೊಬ್ಬರ ಬರಹವೂ ಬೇರೆ ಬಣ್ಣದಲ್ಲಿರುತ್ತದೆ. ಪ್ರತಿ ಮಾಡಿ ಸಲ್ಲಿಸಿದ ಡಾಕ್‌ನಲ್ಲಿ ಹಳೆಯ ಹಿಸ್ಟರಿ ಇರುವುದಿಲ್ಲ, ಆದ್ದರಿಂದ ಮೂಲ ಡಾಕ್ ಅನ್ನೇ ನೋಡಬೇಕು.

ನೂರು ಪದ ಒಂದೇ ಕ್ಷಣದಲ್ಲಿ ಬಂದು ಬಿದ್ದಿದ್ದರೆ ಎಐ ಬರೆದದ್ದು ಎಂದು ತೀರ್ಪು ಕೊಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ತನಗೆ ತಾನೇ ಬರೆದುಕೊಂಡು ಅಂಟಿಸುವವರು ಬಹಳ ಮಂದಿ, ನೆಟ್‌ವರ್ಕ್ ಕೈಕೊಡುವ ಊರಿನವರಿಗೆ ಅದೇ ಸುಲಭ. ಕರೆದು, ಬರೆದದ್ದರಲ್ಲಿ ಒಂದು ವಾಕ್ಯ ತೋರಿಸಿ, ಬಿಡಿಸಿ ಹೇಳಲು ಎರಡು ನಿಮಿಷ ಕೊಡಿ. ಗೊತ್ತಾಗುತ್ತದೆ.

ಅಂಕಗಳ ಪಟ್ಟಿ ಮಾತ್ರ ಹಂಚಿದ ಶೀಟ್‌ನಲ್ಲಿ ಎಂದೂ ಇರಕೂಡದು. ಬೇರೆ ಟ್ಯಾಬ್‌ನಲ್ಲಿಟ್ಟು ಮರೆಮಾಡಿದರೂ ಎಡಿಟರ್ ಅನುಮತಿ ಇರುವವರು ಅದನ್ನು ತೆರೆದು ನೋಡಬಲ್ಲರು. ಬೇರೆಯೇ ಫೈಲ್‌ನಲ್ಲಿಟ್ಟು ಅಲ್ಲಿಂದ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ಗೆ ಏರಿಸಿ. ಫೋನ್ ನಂಬರ್, ಜಾತಿ, ಆದಾಯದಂಥವನ್ನು ಹಂಚಿದ ಹಾಳೆಯಲ್ಲಿ ಕೇಳಲೇಬಾರದು. ಪಿಯುಸಿ ಮುಗಿಸಿ ಬಂದವರಲ್ಲಿ ಕೆಲವರಿಗೆ ಇನ್ನೂ 18 ತುಂಬಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಅವರು ಮಕ್ಕಳು.

ಸೆಮಿಸ್ಟರ್ ಮುಗಿದ ವಾರ ಎಲ್ಲ ಲಿಂಕ್‌ಗಳನ್ನೂ ‘ವ್ಯೂವರ್’ಗೆ ಇಳಿಸಿ, ಒಂದು ತಿಂಗಳ ಬಳಿಕ ‘ರಿಸ್ಟ್ರಿಕ್ಟೆಡ್’ ಮಾಡಿ. ಹಳೆಯ ಬ್ಯಾಚಿನ ತೆರೆದ ಶೀಟನ್ನು ಹೊಸ ಬ್ಯಾಚಿನವರು ಹುಡುಕಿ ನಕಲು ಮಾಡುವುದು ಸಾಮಾನ್ಯ. ಅತಿಥಿ ಉಪನ್ಯಾಸಕರು ಇನ್ನೊಂದು ಹೆಜ್ಜೆ ಇಡಬೇಕು: ಕಾಲೇಜಿನ ಇಮೇಲ್‌ನಲ್ಲಿ ಮಾಡಿದ ಫೈಲುಗಳು ಆ ಖಾತೆ ಮುಚ್ಚಿದರೆ ಕೈಗೆ ಸಿಗುವುದಿಲ್ಲ. ಕಾರ್ಯಾವಧಿ ಮುಗಿಯುವ ಮುನ್ನವೇ ಖಾಲಿ ಮಾದರಿಗಳನ್ನು, ವಿದ್ಯಾರ್ಥಿಗಳ ಹೆಸರಿಲ್ಲದವನ್ನು ಮಾತ್ರ, ಡೌನ್‌ಲೋಡ್ ಮಾಡಿ ಸ್ವಂತ ಡ್ರೈವ್‌ಗೆ ಹಾಕಿಕೊಳ್ಳಿ. ಅಂಕಕ್ಕೆ ಆಧಾರವಾದ ಫೈಲುಗಳ ಒಡೆತನವನ್ನು ವಿಭಾಗದ ಮುಖ್ಯಸ್ಥರ ಖಾತೆಗೆ ವರ್ಗಾಯಿಸಿ, ಒಡೆತನ ಅವರ ಹೆಸರಿಗೆ ಬದಲಾಗಿದೆಯೇ ಎಂದು ‘ಶೇರ್’ ಕಿಟಕಿಯಲ್ಲಿ ನೋಡಿಕೊಳ್ಳಿ.